ಪೆನ್ನಿರುವುದು, ಪೆನ್ನಿಲ್ಲದ್ದು

ಮುಚ್ಚಿದ ಬಾಗಿಲಿನಾಚೆ ಗಂಡ ಯಾರೊಂದಿಗೋ ಮಾತನಾಡುತ್ತಿದ್ದ.

“ಬಂದೆ,” ಎಂದ. ಸ್ವಲ್ಪ ಹೊತ್ತು ಮೌನ. “ಇಲ್ಲೇ ಇದ್ದೀನಿ.” ಮತ್ತೆ ಮೌನ. “ಕೋಪ ಬಂತಾ?” ಆಮೇಲೆ, ಹೊಸದಾಗಿ ಮದುವೆಯಾದವನ ದನಿಯಲ್ಲಿ, “ಚಿನ್ನ.”

ಚಹಾದ ಲೋಟ ಹಿಡಿದು ಹೊರಗೆ ನಿಂತಿದ್ದ ಹೆಂಡತಿ ಮೈಯೆಲ್ಲ ಕಿವಿಯಾದಳು. ಮಾತಿಗಿಂತ ನಡುವಿನ ಮೌನಗಳೇ ಅವಳನ್ನು ಹೆಚ್ಚು ಚುಚ್ಚಿದವು. ಆ ಕಡೆಯವಳು ಉತ್ತರ ಕೊಡಲು ಸಾಕಾಗುವಷ್ಟು ಉದ್ದದ ಮೌನಗಳು. ತನ್ನನ್ನು ಚಿನ್ನ ಎಂದು ಅವನು ಕೊನೆಯ ಸಲ ಕರೆದದ್ದು ಯಾವಾಗ ಎಂಬುದು ನೆನಪಿಗೇ ಬರಲಿಲ್ಲ.

ಒಂದು ತಿಂಗಳಿಂದ ಹೀಗೇ. ಮೊದಲು ಬೆಳಗಿನ ತಿಂಡಿಯ ಜೊತೆ ಇಡೀ ಪೇಪರನ್ನು ಅವಳಿಗೆ ಓದಿ ಹೇಳುತ್ತಿದ್ದ, ಮನೆ ಬಾಡಿಗೆಯ ಜಾಹೀರಾತನ್ನೂ ಬಿಡದೆ. ಈಗ ಪೇಪರ್ ಬಿಚ್ಚುವ ಸದ್ದೇ ಇಲ್ಲ. ಮನೆಯಲ್ಲಿ ಆಡುವ ನಾಲ್ಕು ಮಾತೂ ಪಿಸುಮಾತಿಗೆ ಇಳಿದಿದ್ದವು. ಗಂಟಲಿಗೆ ಧೂಳು ಸೇರಿದೆ ಎಂದಿದ್ದ. ಬಾಯಲ್ಲಿ ಸದಾ ಪುದೀನದ ಗುಳಿಗೆಯ ವಾಸನೆ. ಈ ವಯಸ್ಸಿನಲ್ಲಿ ಗಂಡಸಿಗೆ ಬಾಯಿ ಘಮಘಮ ಎನ್ನಬೇಕಾದದ್ದು ಯಾರಿಗಾಗಿ?

ಅವನು ಸ್ನಾನಕ್ಕೆ ಹೋದಾಗ ಅವಳು ಕೋಟಿನ ಜೇಬಿಗೆ ಕೈ ಹಾಕಿದಳು. ಕುರ್ಚಿಗೆ ಬೆತ್ತ ಹೆಣೆದು ಹೆಣೆದು ಚುರುಕಾದ ಬೆರಳುಗಳು. ಫೋನಿನಂಥವು, ಒಂದಲ್ಲ, ಎರಡು ಸಿಕ್ಕವು. ಒಂದು ದಪ್ಪ, ಭಾರ. ಅಂಚಿಗೆ ಗೀರು ಬಿದ್ದ ಹಳೆಯ ಮಾಲು, ಪಕ್ಕದ ಸಂದಿಯಲ್ಲಿ ಕಡ್ಡಿಯಂಥ ಪುಟ್ಟ ಪೆನ್ನು. ಇನ್ನೊಂದು ಬಿಸ್ಕತ್ತಿನಷ್ಟು ತೆಳ್ಳಗೆ, ನುಣ್ಣಗೆ, ಹೊಚ್ಚ ಹೊಸದು. ಅದಕ್ಕೆ ಸುತ್ತಿದ ಕಿವಿಯ ವೈರು. ಎರಡನ್ನೂ ಇದ್ದ ಹಾಗೇ ಇಟ್ಟು ಬಂದು ಕುರ್ಚಿಯ ಮೇಲೆ ಕುಸಿದಳು.

ಅವನು ಹೊರಗೆ ಹೋದ ಮೇಲೂ ಅವಳು ಕೂತಲ್ಲೇ ಕೂತಿದ್ದಳು. ಸಂಜೆ ಎದುರುಮನೆಯ ಅಕ್ಕ ಬಂದು ಟಪ್ಪೆಂದು ದೀಪ ಹಾಕಿದಳು. “ಇದೇನೇ, ಕತ್ತಲಲ್ಲಿ ಕೂತಿದ್ದೀಯ?” ಉತ್ತರಕ್ಕೂ ಕಾಯಲಿಲ್ಲ. “ಹೇಳಬಾರದು ಅಂದ್ಕೊಂಡೆ, ಮನಸ್ಸು ತಡೀಲಿಲ್ಲ. ನಿನ್ನ ಯಜಮಾನ್ರು ಬಸ್‌ಸ್ಟ್ಯಾಂಡ್ ಎದುರಿನ ಅಂಗಡೀಲಿ ಒಬ್ಬ ಹುಡುಗಿ ಜೊತೆ ತಲೆಗೆ ತಲೆ ತಾಗಿಸಿ ಕೂತಿದ್ದಾರೆ. ಈಗಲೂ ಅಲ್ಲೇ ಇರ್ತಾರೆ. ಬರ್ತೀಯಾ?”

ಅವಳು ಚಪ್ಪಲಿ ಮೆಟ್ಟಿ, ಚೀಲ ಹೆಗಲಿಗೇರಿಸಿದಳು. ಅಕ್ಕ ತೋಳು ಹಿಡಿದಳು.

ಬಸ್ ನಿಲ್ದಾಣದ ಮುಂದೆ ಎಂದಿನ ಗದ್ದಲ. ಅದರ ಮೇಲಿಂದ ಗಂಡನ ತುಂಬುದನಿ ಕೇಳಿಸಿತು: “ಮೂರನೇ ಗೇಟಿನಿಂದ... ಹೊರಡಲಿದೆ.” ಅಂಗಡಿಯಲ್ಲಿ ಕೂತವನು ಇಲ್ಲಿ ಹೇಗೆ ಕೂಗುತ್ತಾನೆ ಎಂದು ಅವಳಿಗೆ ಅಚ್ಚರಿಯಾಗಲಿಲ್ಲ. ಊರಿನ ಹೆಸರು, ಗೇಟಿನ ಸಂಖ್ಯೆ, ಹೊರಡುವುದು, ತಡವಾಗುವುದು, ಎಲ್ಲವನ್ನೂ ಅವನು ಎಂದೋ ಬಿಡಿಬಿಡಿಯಾಗಿ ಹೇಳಿ ರೆಕಾರ್ಡು ಮಾಡಿಸಿಟ್ಟಿದ್ದ. ಯಂತ್ರ ಅವನ್ನು ಪೋಣಿಸಿ ಕೂಗುತ್ತದೆ. ಒಂದು ಕಾಲಕ್ಕೆ ಆ ದನಿ ಕೇಳಲೆಂದೇ ಅವಳು ಈ ದಾರಿ ಹಿಡಿದು ಬರುತ್ತಿದ್ದಳು. ಇವತ್ತು ಕಿವಿ ಮುಚ್ಚಿಕೊಳ್ಳಬೇಕೆನಿಸಿತು.

ಅಂಗಡಿಯ ಬಾಗಿಲಲ್ಲೇ ಅಕ್ಕ ಕೈ ಅದುಮಿದಳು. “ಅಗೋ, ಬೆನ್ನು ಹಾಕಿ ಕೂತಿದ್ದಾರೆ.” ಇಬ್ಬರೂ ರೇಡಿಯೋಗಳ ಕಪಾಟಿನ ಮರೆಗೆ ಸರಿದರು.

ಹುಡುಗಿಯ ದನಿಯಲ್ಲಿ ಸಲಿಗೆಯಿತ್ತು. “ಎರಡನ್ನೂ ಮನೆಗೆ ತಗೊಂಡು ಹೋಗಿ ನೋಡಿದ್ರಲ್ಲ. ನನ್ನ ಮಾತು ಕೇಳಿ, ಹಳೇದೇ ಇಟ್ಕೊಳ್ಳಿ. ಪುಟ್ಟ ಕಂಪ್ಯೂಟರೇ ಸರ್ ಅದು, ಪೆನ್ನಲ್ಲಿ ಏನು ಬೇಕಾದ್ರೂ ಬರೀಬಹುದು. ಇದು ಹಾಡು ಕೇಳೋರಿಗೆ.”

“ಅವಳಿಗೆ ಇದೇ ಸರಿ,” ಎಂದು ಗಂಡ ಪಿಸುಗುಟ್ಟಿದ.

ಅವಳಿಗೆ! ಹೆಂಡತಿ ಇನ್ನಷ್ಟು ಕಿವಿಗೊಟ್ಟಳು.

“ಸೋಮವಾರ ಹೋಗೋದು ಗಟ್ಟಿಯಾ?”

“ಗಟ್ಟಿ.”

“ಮನೆಯಲ್ಲಿ ಹೇಳಿದ್ರಾ?”

“ಇನ್ನೂ ಇಲ್ಲ. ಬಾಯೇ ಬರ್ತಿಲ್ಲ.”

ಇನ್ನು ತಡೆಯಲಾಗಲಿಲ್ಲ. ಅಕ್ಕನ ಕೈ ಕೊಡವಿ ಅವಳು ಒಂದು ಹೆಜ್ಜೆ ಮುಂದಿಟ್ಟಳು. “ನನಗೇ ಹೇಳಿಬಿಡಿ. ಯಾರು ಅವಳು? ಸೋಮವಾರ ನನ್ನ ಬಿಟ್ಟು ಎಲ್ಲಿಗೆ ಹೊರಟಿದ್ದೀರಿ?”

ಕುರ್ಚಿ ಸರಿದ ಸದ್ದು. ಅವನು ಹತ್ತಿರ ಬಂದ. ಅವಳ ಅಂಗೈಯನ್ನು ಬಿಡಿಸಿ ಆ ತೆಳ್ಳಗಿನದನ್ನು ಇಟ್ಟ. ವೈರಿನ ತುದಿಯನ್ನು ಕಿವಿಗೆ ಸಿಕ್ಕಿಸಿ, ಅವಳ ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟು ಒತ್ತಿಸಿದ.

“ಬಂದೆ.” ಮೌನ. “ಇಲ್ಲೇ ಇದ್ದೀನಿ.” ಮೌನ. “ಊಟ ಆಯ್ತಾ?” ಮೌನ. “ತಪ್ಪು ನಿಂದೇ.” ಮೌನ. “ಸರಿ, ನಂದೇ.” ಮೌನ. “ಕೋಪ ಬಂತಾ?” ಮೌನ. “ಚಿನ್ನ.”

ಬಿಡಿಬಿಡಿ ಮಾತುಗಳು, ನಡುವೆ ಅಳೆದಿಟ್ಟ ಅಂತರ. ಬಸ್ ನಿಲ್ದಾಣದ ದನಿಯ ಹೆಂಡತಿಯಾಗಿ ಇಷ್ಟೂ ತನಗೆ ಹೊಳೆಯಲಿಲ್ಲವಲ್ಲ ಎಂದು ಅವಳು ನಾಚಿದಳು.

“ಸೋಮವಾರ ಆಪರೇಷನ್ನು,” ಎಂದ ಅವನು, ಒಂದೊಂದು ಪದವನ್ನೂ ಕೆರೆದು ತೆಗೆಯುತ್ತ. “ಗಂಟಲಲ್ಲಿ ಗಡ್ಡೆ. ಜೀವ ಉಳಿಯುತ್ತೆ ಅಂದ್ರು, ದನಿ ಉಳಿಯಲ್ಲ. ಅದಕ್ಕೇ ದಿನಾ ಬೇಕಾಗೋ ಮಾತನ್ನೆಲ್ಲ ಇದ್ರಲ್ಲಿ ಹಿಡಿಸಿಟ್ಟೆ. ಜಗಳಕ್ಕೂ ಒಂದಿಷ್ಟು.”

ಅವಳು ಅವನ ಎದೆಗೆ ಹಣೆ ಒತ್ತಿ ಅತ್ತಳು. ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು.

“ಪಾಪ, ನಿಜ,” ಎಂದಳು ಅಂಗಡಿಯ ಹುಡುಗಿ ಮೆಲ್ಲಗೆ. “ಆದ್ರೂ ಅಮ್ಮ, ನೀವಾದ್ರೂ ಹೇಳಿ. ನಾಲ್ಕು ಮಾತು ಹಿಡಿಸಿಟ್ಟರೆ ಎಷ್ಟು ದಿನಕ್ಕೆ ಸಾಕು? ಹಳೇದಾದ್ರೆ ಪೆನ್ನಲ್ಲಿ ಬರೆದು ನಿಮಗೆ ತೋರಿಸಿದ್ರೆ...”

ಮನೆಗೆ ಹೊರಡಲೆಂದು ಹೆಂಡತಿ ಚೀಲದಿಂದ ಮಡಚಿದ ಬಿಳಿಯ ಕೋಲನ್ನು ತೆಗೆದು ಬಿಚ್ಚಿದಳು. ಹುಡುಗಿಯ ಮಾತು ಅರ್ಧಕ್ಕೇ ನಿಂತಿತು.