ಅಗಲ ಅದೇ, ಎಳೆ ಕಡಿಮೆ

“ನಮ್ಮ ಯಜಮಾನರ ಬಾಯಿ ಎಲ್ಲಿ?” ಎಂದು ಕೇಳಿ ಅಜ್ಜಿ ತನ್ನ ಫೋನನ್ನು ಸ್ಟುಡಿಯೋದವನ ಮೇಜಿನ ಮೇಲಿಟ್ಟಳು.

ಮೊನ್ನೆಯಷ್ಟೇ ಅವನು ಅವಳ ಫೋನಿಗೆ ಹಾಕಿಕೊಟ್ಟಿದ್ದ ವಿಡಿಯೋ ಅದು. ಹದಿನೈದು ವರ್ಷದ ಹಿಂದೆ ಬಟ್ಟೆ ಗಿರಣಿ ಬಾಗಿಲು ಹಾಕಿದ ದಿನ ಅವನೇ ಕ್ಯಾಮೆರಾ ಹಿಡಿದು ತೆಗೆದದ್ದು. ಅಜ್ಜಿ ಮಗ್ಗಕ್ಕೆ ಬೆನ್ನು ಹಾಕಿ, ಕ್ಯಾಮೆರಾ ಕಡೆ ಹಲ್ಲು ಬಿಟ್ಟುಕೊಂಡು ನಿಂತಿದ್ದಾಳೆ. ಪಕ್ಕದ ಮಗ್ಗದಿಂದ ಅವಳ ಗಂಡ ಅವಳತ್ತ ತಿರುಗಿ ಏನೋ ಹೇಳುತ್ತಾನೆ. ಅವಳು ನೋಡುವುದಿಲ್ಲ. ಗಿರಣಿಯವರು ಹಂಚಿದ ಡಿಸ್ಕಿನಲ್ಲಿ ಇದನ್ನು ಮಸುಕುಮಸುಕಾಗಿ ಕಂಡ ದಿನದಿಂದ ಅವಳು ಗಂಡನನ್ನು ಕೇಳಿದ್ದೇ ಕೇಳಿದ್ದು. “ಹೇಳಿದ್ದೆ, ನೀನು ನೋಡಲಿಲ್ಲ” ಎಂದು ನಕ್ಕು ಜಾರಿಕೊಳ್ಳುತ್ತಿದ್ದ ಆ ಮನುಷ್ಯ ಮೂರು ತಿಂಗಳ ಹಿಂದೆ ಅದನ್ನು ಹೇಳದೆಯೇ ತೀರಿಹೋಗಿದ್ದ.

ನೂರು ಮಗ್ಗ ಒಟ್ಟಿಗೆ ಬಡಿಯುವ ಆ ಗಿರಣಿಯಲ್ಲಿ ಕಿವಿಗೆ ಕೆಲಸವೇ ಇರಲಿಲ್ಲ. ಮಾತೆಲ್ಲ ತುಟಿ ನೋಡಿಯೇ ನಡೆಯಬೇಕು. ಜಗಳ, ತಮಾಷೆ, ಸಂಜೆಯ ಅಡುಗೆ ಏನೆಂಬ ವಿಚಾರಣೆ, ಎಲ್ಲವೂ. ಮೂವತ್ತು ವರ್ಷದಲ್ಲಿ ಆ ಸದ್ದು ಅಜ್ಜಿಯ ಕಿವಿಯನ್ನು ಪೂರ್ತಿ ತಿಂದುಹಾಕಿತ್ತು. ಈಗ ಅವಳಿಗೆ ಊರೆಲ್ಲ ಗಿರಣಿಯೇ.

ಸ್ಟುಡಿಯೋದವನು ಪರದೆ ನೋಡುತ್ತಲೇ, ಇದು ಹೈ ಡೆಫಿನಿಷನ್ನೇ, ಇದಕ್ಕಿಂತ ಚೆನ್ನಾಗಿ ಬರುವುದಿಲ್ಲ ಎಂದು ಗೊಣಗಿದ. ಅಜ್ಜಿ ಅವನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. “ಈ ಕಡೆ ನೋಡಿ ಮಾತಾಡಪ್ಪ. ಮೊದಲೇ ನಿನ್ನ ಮೀಸೆ ಅರ್ಧ ಮಾತು ನುಂಗುತ್ತೆ.”

ಅವನು ಮೀಸೆಯನ್ನು ಬೆರಳಿನಿಂದ ಮೇಲಕ್ಕೆ ಒತ್ತಿಕೊಂಡು ಅದನ್ನೇ ಮತ್ತೆ ಹೇಳಿದ. ಅಜ್ಜಿ ಫೋನಿನ ಮೇಲೆ ಬೆರಳಿಟ್ಟಳು. ಗಂಡನ ಮೂಗಿನ ಕೆಳಗೆ ನಾಲ್ಕು ಕಂದು ಚೌಕ, ಅವು ಅತ್ತಿತ್ತ ಅಲುಗುತ್ತಿದ್ದವು, ಅಷ್ಟೇ. ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ ಎಂದು ಗಿರಾಕಿಗಳಿಗೆಲ್ಲ ಇಷ್ಟು ವರ್ಷ ಹೇಳಿಕೊಂಡು ಬಂದವನ ಮುಖ ಸಪ್ಪಗಾಯಿತು. ಕಿವಿ ಇದ್ದವರ ಕಣ್ಣಿಗೆ ಗೊತ್ತಾಗುತ್ತಿರಲಿಲ್ಲ, ನಿಜ.

ನಿಧಾನವಾಗಿ, ಮೀಸೆ ಎತ್ತಿ ಹಿಡಿದೇ, ಅವನು ಇದ್ದದ್ದನ್ನು ಹೇಳಿದ. ಫೋನಿನಲ್ಲಿ ಹಿಡಿಸಲಿ ಎಂದು ಫೈಲನ್ನು ಹಿಂಡಿ ಹಿಂಡಿ ಚಿಕ್ಕದು ಮಾಡಿದ್ದ. ಚಿತ್ರದ ಅಳತೆ ಹಾಗೇ ಇದೆ. ಆದರೆ ಒಂದೊಂದು ಸೆಕೆಂಡಿನ ಚಿತ್ರಕ್ಕೂ ಇಷ್ಟೇ ಮಾಹಿತಿ ಎಂದು ಅಳೆದು ಕೊಡುತ್ತಾರಲ್ಲ, ಬಿಟ್‌ರೇಟ್ ಅಂತ, ಅದನ್ನು ಇಳಿಸಿದ್ದ. ಆ ಸ್ವಲ್ಪವನ್ನೂ ಗಿರಣಿಯಲ್ಲಿ ಹಾರಾಡುವ ಹತ್ತಿಯ ಧೂಳು, ಅಲುಗಾಡುವ ಸಾವಿರ ನೂಲು ಕಬಳಿಸಿಬಿಟ್ಟಿವೆ. ಹಿಂದೆ ನಿಂತವರ ಮುಖಕ್ಕೆ ಏನೂ ಉಳಿದಿಲ್ಲ.

ಅಜ್ಜಿ ಕ್ಷಣ ಯೋಚಿಸಿದಳು. “ಅಂದ್ರೆ ಬಟ್ಟೆ ಅಗಲ ಅದೇ. ಎಳೆ ಕಡಿಮೆ ಹಾಕಿದ್ದೀಯ.”

ಅವನು ತಲೆಯಾಡಿಸಿದ. ಇಷ್ಟು ಸರಿಯಾಗಿ ಅವನಿಗೂ ಯಾರೂ ಹೇಳಿಕೊಟ್ಟಿರಲಿಲ್ಲ.

“ಎಳೆ ತುಂಬಾ ಇರೋದು ತೂಕ ಬರುತ್ತೆ. ಬರಲಿ. ಅದನ್ನ ತೋರಿಸು.”

ಮೂಲ ಫೈಲು ಕಪಾಟಿನ ತಳದಲ್ಲಿದ್ದ ಹಳೇ ಹಾರ್ಡ್ ಡಿಸ್ಕಿನಲ್ಲಿತ್ತು. ಹುಡುಕಿ, ಧೂಳು ಒರೆಸಿ, ಕಂಪ್ಯೂಟರಿಗೆ ಸಿಕ್ಕಿಸುವಾಗ ಅದು ಕೈಕೊಡದಿರಲಿ ಎಂದು ಅವನು ಮನಸ್ಸಿನಲ್ಲೇ ಬೇಡಿಕೊಂಡ. ಅದು ಗರಗರ ಎಂದು ಸುತ್ತಿತು. ದೊಡ್ಡ ಪರದೆಯಲ್ಲಿ ಗಿರಣಿ ಮೂಡಿತು. ಧೂಳಿನ ಕಣಕಣವೂ ಬೇರೆಬೇರೆ. ಅದರ ಹಿಂದೆ, ಎರಡು ದಿನದ ಬಿಳಿ ಗಡ್ಡದ ಸಮೇತ, ಒಂದು ಮುಖ. ತುಟಿಗಳು ಆಡಿದವು. ಅಜ್ಜಿಯ ತುಟಿಗಳೂ ಜೊತೆಜೊತೆಗೇ ಆಡಿದವು. ಆಮೇಲೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಏನಂದ್ರು ಅಜ್ಜಿ?” ಅವನು ಅವಳೆದುರಿಗೆ ಬಂದು, ಮೀಸೆ ಎತ್ತಿ ಕೇಳಿದ.

“ಹಲ್ಲು ಕಿರಿದಿದ್ದು ಸಾಕು, ಹಿಂದೆ ಎಳೆ ಹರಿದಿದೆ ನೋಡು ಅಂದ್ರು.”

ಪರದೆಯಲ್ಲಿ ಚಿತ್ರ ಓಡುತ್ತಲೇ ಇತ್ತು. ಹೆಂಡತಿ ತಿರುಗುವುದಿಲ್ಲ ಎಂದು ಗೊತ್ತಾದ ಮೇಲೆ ಅವನು ತನ್ನ ಮಗ್ಗ ಬಿಟ್ಟು ಬಂದ. ಅವಳ ಮಗ್ಗ ನಿಲ್ಲಿಸಿ, ಹರಿದ ಎಳೆ ಹುಡುಕಿ, ಗಂಟು ಹಾಕಿ, ಮತ್ತೆ ಓಡಿಸಿ, ಏನೂ ಆಗದವನಂತೆ ವಾಪಸು ಹೋದ. ಫೋನಿನಲ್ಲಿ ಇದೆಲ್ಲ ಬರೀ ಕಂದು ಕಲೆಯೊಂದು ಅತ್ತ ಹೋಗಿ ಇತ್ತ ಬಂದಂತೆ ಕಾಣುತ್ತಿತ್ತು. ಮುಂದೆ ನಿಂತ ಹೆಂಡತಿ ಇನ್ನೂ ಹಲ್ಲು ಬಿಡುತ್ತಲೇ ಇದ್ದಳು.

ಅಜ್ಜಿಯ ನಗು ನಿಂತಿತು. ಆ ಕೊನೆಯ ದಿನದ ಬಟ್ಟೆಯಲ್ಲಿ ಒಂದೇ ಒಂದು ತಪ್ಪಿಲ್ಲ ಎಂದು ಮೇಸ್ತ್ರಿ ಎಲ್ಲರೆದುರು ಅವಳನ್ನು ಹೊಗಳಿದ್ದ. ಅದನ್ನು ಅವಳು ಹದಿನೈದು ವರ್ಷ ಬಂದವರಿಗೆಲ್ಲ ಹೇಳಿಕೊಂಡು ಬೀಗಿದ್ದಳು. ಮನೆಯಲ್ಲಿ ಮಾತಿಗೆ ಮಾತು ಬೆಳೆದಾಗ ಗಂಡನ ಮುಖಕ್ಕೇ ಎಸೆದಿದ್ದಳು. “ಹೌದು ಮಾರಾಯ್ತಿ, ನಿನ್ನಂಥ ಕೈ ಯಾರಿಗಿದೆ” ಎಂದು ಅವನು ಒಪ್ಪಿಕೊಳ್ಳುತ್ತಿದ್ದ.

“ಒಂದು ದಿನವಾದರೂ ಬಾಯಿ ಬಿಡಬಾರದಿತ್ತೇನ್ರೀ?” ಎಂದಳು. ಕೇಳಿದ್ದು ಸ್ಟುಡಿಯೋದವನನ್ನಲ್ಲ.

ಪೂರ್ತಿ ಫೈಲು ಹಾಕಿದರೆ ಫೋನಿನಲ್ಲಿ ಬೇರೆ ಯಾವುದಕ್ಕೂ ಜಾಗ ಉಳಿಯುವುದಿಲ್ಲ ಎಂದು ಅವನು ಹೇಳಿದ. ಬೇರೆಯದೆಲ್ಲ ಅಳಿಸು ಎಂದಳು. ಆಮೇಲೆ ಚಿತ್ರವನ್ನು ಹಿಂದಕ್ಕೆ ಓಡಿಸಿ, ಗಂಡನ ಬೆರಳು ಎಳೆಯ ಮೇಲಿರುವ ಕಡೆ ನಿಲ್ಲಿಸಲು ಹೇಳಿದಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು, ಕಣ್ಣನ್ನೂ ಒರೆಸಿಕೊಂಡಳು, ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿದಳು.

“ಗಂಟು ಸ್ವಲ್ಪ ದಪ್ಪ ಆಯ್ತು ರೀ” ಎಂದಳು.