ಪೆಟ್ಕಾನಳಿಗೆ ಸೇವಂತಿಗೆ

ಅಕ್ಟೋಬರ್ ನಡುವಿನ ದಿನಗಳು. ಊರಿಡೀ ಮೆಣಸಿನಕಾಯಿ ಸುಡುವ ವಾಸನೆ. ಇಲಿಂಕಾ ಹಿತ್ತಿಲಿನಲ್ಲಿ, ಹಾಳುಬಾವಿಯ ಬಾಯಿಗೆ ಮುಚ್ಚಿಸಿದ್ದ ಕಾಂಕ್ರೀಟ್ ಚಪ್ಪಡಿಯ ಮೇಲೆ ಒಲೆಯಿಟ್ಟು ದಪ್ಪಮೆಣಸನ್ನು ಹೊರಳಿಸುತ್ತಿದ್ದಳು. ಸಿಪ್ಪೆ ಕರಕಾಗಬೇಕು, ತಿರುಳು ಸೀಯಬಾರದು. ಕೈ ಕೆಲಸದಲ್ಲಿತ್ತು, ಕಣ್ಣು ಬೇಲಿಯಾಚೆ, ತಂಗಿಯ ಗಂಡ ಕ್ರಸ್ತ್ಯೋನ ಬಾಗಿಲ ಮೇಲಿತ್ತು.

ತಂಗಿ ಪೆಟ್ಕಾನ ಕಾಣೆಯಾಗಿ ನಾಲ್ಕು ವರ್ಷ. ಮುದುಕರ ಆರೈಕೆಯ ಕೆಲಸಕ್ಕೆ ಇಟಲಿಗೆ ಹೋಗಿರಬೇಕು, ಬರುತ್ತಾಳೆ ಎನ್ನುತ್ತಿದ್ದ ಕ್ರಸ್ತ್ಯೋ. ಒಂದು ಕಾಗದವಿಲ್ಲ, ಫೋನಿಲ್ಲ. ಆದರೂ ದಿನಾ ಊಟಕ್ಕೆ ಅವಳ ತಟ್ಟೆ ಇಡುತ್ತಿದ್ದ. ಊರಿನವರು ಅವನ ಬೆನ್ನ ಹಿಂದೆ ಕತ್ತು ಕುಯ್ಯುವ ಸನ್ನೆ ಮಾಡುತ್ತಿದ್ದರು. ಇಲಿಂಕಾ ಮಾತ್ರ ಅವನ ವಿರುದ್ಧ ತುಟಿ ಬಿಚ್ಚಿದವಳಲ್ಲ. ತಾಯಿ ತಂಗಿಯ ಹೆಸರಿಗೆ ಬರೆದಿದ್ದ ದ್ರಾಕ್ಷಿತೋಟವನ್ನೂ ಅವಳೇ ನೋಡಿಕೊಳ್ಳುತ್ತಿದ್ದಳು. ಎಂಥ ದೊಡ್ಡ ಮನಸ್ಸು ಎಂದು ಜನ ಹೊಗಳುತ್ತಿದ್ದರು.

ಅಂದು ಸಂತ ಪೆಟ್ಕಾಳ ದಿನ, ತಂಗಿಯ ಹೆಸರಿನ ಹಬ್ಬ. ಮೂರು ವರ್ಷ ಇಲಿಂಕಾ ಹೂವಿಟ್ಟಿರಲಿಲ್ಲ. ಈ ಸಲ ಯಾಕೋ ಕೈ ತಾನಾಗಿ ಸೇವಂತಿಗೆ ಕೊಯ್ದಿತ್ತು. ಬೆಳಿಗ್ಗೆಯೇ ಕ್ರಸ್ತ್ಯೋನ ಅಡುಗೆಮನೆಗೆ ಹೋಗಿ ತಂಗಿಯ ಫೋಟೋದ ಮುಂದಿನ ಜಾಡಿಯಲ್ಲಿಟ್ಟು ಬಂದಿದ್ದಳು: ಬಿಳಿ, ಹಳದಿ, ಕೆಂಪು, ಬಣ್ಣಕ್ಕೊಂದು ಜೋಡಿ.

ಮಧ್ಯಾಹ್ನ ಊರ ಸಭಾಭವನದಲ್ಲಿ ಹಳೆಯ ಕಪ್ಪು-ಬಿಳುಪು ಸಿನಿಮಾ. ಗಂಡನೊಬ್ಬ ಹೆಂಡತಿಯನ್ನು ನೆಲಮಾಳಿಗೆಯಲ್ಲಿ ಹೂತು, ಪರದೇಶಕ್ಕೆ ಹೋದಳೆಂದು ಸಾರುವ ಕಥೆಯಂತೆ. ಅದು ಕಿವಿಗೆ ಬಿದ್ದಂದಿನಿಂದ ಇಲಿಂಕಾಳಿಗೆ ಒಂದೇ ಧ್ಯಾನ. ಕ್ರಸ್ತ್ಯೋನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮುಖ ನೋಡಬೇಕು. ಅವನಿಗೆ ಏನು ಗೊತ್ತಿದೆ ಎಂಬುದು ಇವತ್ತು ತಿಳಿಯಲೇಬೇಕು.

"ಬಾರೋ ಕ್ರಸ್ತ್ಯೋ, ಮನೇಲೊಬ್ನೇ ಕೂತು ಏನ್ಮಾಡ್ತೀಯ?"

"ಹಬ್ಬದ ದಿನ ಸಿನಿಮಾನಾ ಅತ್ತಿಗೆ? ಇವತ್ತೇ ಬಂದ್ಬಿಟ್ರೆ ಅವ್ಳು?"

"ಬಂದ್ರೆ ಕಾಯ್ತಾಳೆ ಬಾ. ಅವಳಿಗೇನು ಅವಸರ?"

ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡಿದ್ದರು. ಪರದೆಯ ಮೇಲೆ ಮೇಣದಬತ್ತಿ ಹಿಡಿದ ನೆರಳೊಂದು ಮೆಟ್ಟಿಲು ಇಳಿಯಿತು. ಹೆಂಗಸರು ಶಿಲುಬೆಯ ಗುರುತು ಮಾಡಿಕೊಂಡರು. ಮುಂದಿನ ಸಾಲಿನ ಗಾನಾ ಅಜ್ಜಿ ಪರದೆಯ ಜೊತೆ ಜಗಳಕ್ಕೇ ನಿಂತಳು: "ಇಳೀಬೇಡ್ವೇ, ಮುಂಡೇದೆ! ಬಾಗ್ಲು ಹಾಕ್ಕೊಳ್ಳೆ!"

ಇಲಿಂಕಾ ಪರದೆ ನೋಡಲಿಲ್ಲ. ಕ್ರಸ್ತ್ಯೋ ಸೂರ್ಯಕಾಂತಿ ಬೀಜ ಒಡೆಯುತ್ತ ತಣ್ಣಗೆ ಕೂತಿದ್ದ.

ಅಷ್ಟರಲ್ಲಿ ಸಿನಿಮಾದ ಗಂಡ ಹೆಂಡತಿಯ ಹುಟ್ಟುಹಬ್ಬಕ್ಕೆ ಹೂ ತಂದ. ಅಜ್ಜಿ ಬೆರಳು ಮಡಿಸಿ ಎಣಿಸಿದಳು.

"ಆರು! ಅಯ್ಯೋ, ಆರು ತಂದವ್ನೆ! ಬದುಕಿರೋರಿಗೆ ಯಾರಾದ್ರೂ ಸರಿಸಂಖ್ಯೆ ಹೂ ಕೊಡ್ತಾರೇನ್ರೋ? ಅದು ಗೋರಿಗಿಡೋ ಲೆಕ್ಕ! ಇವ್ನು ಮನಸ್ನಲ್ಲಿ ಆಗ್ಲೇ ಹೂತವ್ನೆ ಅವಳ್ನ!"

ಸಭೆ ಗೊಳ್ಳೆಂದಿತು. ಹಿಂದಿನಿಂದ ಯಾರೋ ಕೂಗಿದರು: "ಕ್ರಸ್ತ್ಯೋ, ನೀನೆಷ್ಟು ಇಟ್ಟಿದ್ದೀಯೋ?"

ಬೀಜ ಹಿಡಿದ ಕೈ ನಿಂತಿತು. ಮುಖ ಬಿಳಿಚಿಕೊಂಡಿತು. ಕ್ರಸ್ತ್ಯೋ ಎದ್ದು, ಕೂತವರ ಕಾಲುಗಳನ್ನು ತುಳಿಯುತ್ತ, ಹೊರಗೆ ನಡೆದುಬಿಟ್ಟ.

"ಸಿಕ್ಕಾಕ್ಕೊಂಡ ನೋಡ್ರೋ!" ಶಿಳ್ಳೆ ಬಿತ್ತು. ಊರಿಗೆ ಉತ್ತರ ಸಿಕ್ಕಿತ್ತು.

ಇಲಿಂಕಾ ಹಿಂದೆಯೇ ಹೋದಾಗ ಅವನು ಅಡುಗೆಮನೆಯಲ್ಲಿದ್ದ. ಜಾಡಿ ಬರಿದಾಗಿತ್ತು. ಸೇವಂತಿಗೆಗಳನ್ನು ಒಂದೊಂದಾಗಿ ಪೆಟ್ಕಾನಳ ತಟ್ಟೆಯೊಳಗೆ ಇಡುತ್ತಿದ್ದ.

"ಐದು," ಎಂದ. ಕೊನೆಯದನ್ನೂ ಇಟ್ಟ. "ಆರು."

ಇಲಿಂಕಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಬದುಕಿದಾಳೆ ಅಂತ ನಾನು ನಾಲ್ಕು ವರ್ಷದಿಂದ ತಟ್ಟೆ ಇಡ್ತಿದೀನಿ," ಎಂದ ಕ್ರಸ್ತ್ಯೋ. "ನಿಮಗೆ ಹೆಂಗೆ ಗೊತ್ತಾಯ್ತು ಅತ್ತಿಗೆ?"

ಬೇಡವೆಂದರೂ ಕೇಳದೆ, ಅವಳ ಕಣ್ಣು ಕಿಟಕಿಯಾಚೆ ಒಲೆ ಇನ್ನೂ ಹೊಗೆಯಾಡುತ್ತಿದ್ದ ಬಾವಿಯ ಚಪ್ಪಡಿಯತ್ತ ಹೋಯಿತು.