ಸ್ವಂತ ಕಂಪ್ಯೂಟರಿನಲ್ಲಿ ಓಡಿಸಿದ್ದು

ಕಂಪ್ಯೂಟರ್ ಮಾಸಪತ್ರಿಕೆಯ ಪ್ರೋಗ್ರಾಂ ಸ್ಪರ್ಧೆಯಲ್ಲಿ ಸೊಸೆಗೆ ಮೊದಲ ಬಹುಮಾನ ಬಂದಿತ್ತು. ಬೀದಿಗೆಲ್ಲ ಮೈಸೂರುಪಾಕು ಹಂಚಿಯೂ ಆಗಿತ್ತು. ಆಮೇಲೆ ಬಂತು ನೋಡಿ ಕಾಗದ: ‘ಬಹುಮಾನ ಕೊಡಲು ಸಂಪಾದಕರೇ ಭಾನುವಾರ ನಿಮ್ಮ ಮನೆಗೆ ಬರುತ್ತಾರೆ. ಕಂಪ್ಯೂಟರ್ ಸಮೇತ ನಿಮ್ಮ ಫೋಟೋ ತೆಗೆಯುತ್ತಾರೆ.’

“ಕಂಪ್ಯೂಟರಾ? ನಮ್ಮನೇಲಿ ಮಿಕ್ಸಿನೂ ಇಲ್ವಲ್ಲೇ!” ಅಂದರು ಅತ್ತೆ.

“ಸ್ವಂತ ಕಂಪ್ಯೂಟರಿನಲ್ಲಿ ಓಡಿಸಿ ನೋಡಿದ ಪ್ರೋಗ್ರಾಂ ಮಾತ್ರ ಕಳಿಸಿ ಅಂತಿತ್ತು, ಅತ್ತೆ. ಓಡಿಸಿದೀನಿ ಅಂತ ರುಜು ಹಾಕ್ಬಿಟ್ಟೆ.”

“ಹಾಕೋವಾಗ ಕೈ ನಡುಗ್ಲಿಲ್ವಾ? ಈಗ ಮನೆಮನೆಗೆ ಹೋಗಿ ಮೈಸೂರುಪಾಕು ವಾಪಸ್ ಕೇಳ್ತೀಯಾ?”

ಭಾನುವಾರ ಸಂಪಾದಕರು ಕೊರಳಿಗೆ ಕ್ಯಾಮೆರಾ ತೂಗುಹಾಕಿಕೊಂಡು ಬಂದೇಬಿಟ್ಟರು. ಕೊಟ್ಟ ಕಾಫಿಯನ್ನೂ ಮುಟ್ಟದೆ, “ಎಲ್ಲಮ್ಮ ಕಂಪ್ಯೂಟರು?” ಅಂದರು.

ಸೊಸೆ ತಲೆ ತಗ್ಗಿಸಿ ಅಡುಗೆಮನೆಯ ನೆಲ ತೋರಿಸಿದಳು. ಅಲ್ಲಿ ಸೀಮೆಸುಣ್ಣದಲ್ಲಿ ಬರೆದ ಹದಿನಾರು ಮನೆ, ಮನೆಗಳ ತುಂಬ ಹುಣಿಸೆಬೀಜ.

“ಪ್ರೋಗ್ರಾಂನ ಒಂದೊಂದೇ ಸಾಲು ಓದ್ಕೊಂಡು, ಅದು ಹೇಳಿದ ಹಾಗೆ ಬೀಜ ಜರುಗಿಸಿ ನೋಡ್ತೀನಿ ಸಾರ್. ಬೇರೆ ಕಂಪ್ಯೂಟರ್ ಇಲ್ಲ. ತಪ್ಪಾಯ್ತು. ಬಹುಮಾನ ಬೇರೆಯೋರಿಗೆ ಕೊಡಿ.”

ಅತ್ತೆ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು. “ಅವಳಿಗೇನೂ ಅನ್ಬೇಡಿ ಸ್ವಾಮಿ. ಬೀಜ ಕೊಟ್ಟೋಳು ನಾನು.”

ಸಂಪಾದಕರು ಕ್ಯಾಮೆರಾ ಕೆಳಗಿಟ್ಟು, ಉಸ್ಸಂತ ಮಣೆಯ ಮೇಲೆ ಕೂತರು.

“ಆಫೀಸಲ್ಲಿ ನಾವು ಕಡಲೆಕಾಳು ಇಟ್ಕೊಂಡು ಓಡಿಸ್ತೀವಮ್ಮ. ಕಂಪ್ಯೂಟರ್ ಅನ್ನೋದು ಹೇಗಿರುತ್ತೆ ಅಂತ ನಿಮ್ಮನೇಲಾದರೂ ನೋಡೋಣ ಅಂತ ಬಂದಿದ್ದೆ.”